ಪತ್ರೊಡೆಯ ಪದರಗಳು

ಪತ್ರೊಡೆ ತಿನ್ನಬಲ್ಲವರು ಊರೆಲ್ಲ ಇದ್ದಾರೆ. ಎಲೆಗೆ ಹಿಟ್ಟು ಹಚ್ಚಬಲ್ಲವರು ಮನೆಗೊಬ್ಬರಿದ್ದರೆ ಅದು ಆ ಮನೆಯ ಪುಣ್ಯ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಡೆ ಶ್ರಾವಣದ ಹಬ್ಬಕ್ಕೆ ಮಗಳು ಅಳಿಯ ಬರುವರೆಂಬ ಸುದ್ದಿ ತಲುಪಿದೊಡನೆ, ಮನೆಯೊಡತಿಯ ದೃಷ್ಟಿ ಉಗ್ರಾಣಕ್ಕಿಂತ ಮೊದಲು ಹಿತ್ತಿಲ ಮರದತ್ತ ಹೊರಳುತ್ತದೆ.

ಪತ್ರೊಡೆಗೆ ನೆಲದ ಕೆಸುವಿನ ಎಲೆಯೂ ಆದೀತು. ಆದರೆ ಮಲೆನಾಡಿಗರ ಮನಸ್ಸು ಮರಕೆಸುವಿನ ಮೇಲೆ. ಪಾಚಿಗಟ್ಟಿದ ಹಳೆಯ ಮರಗಳ ಕವಲುಗಳಲ್ಲಿ ಇದರ ಪುಟ್ಟ ಗೆಡ್ಡೆ ಬೇಸಿಗೆಯುದ್ದಕ್ಕೂ ನಿದ್ರಿಸಿ, ಮಳೆ ಹಿಡಿದ ಮೇಲೆ ಎಲೆ ಬಿಚ್ಚುತ್ತದೆ. ಮಳೆ ತೀರಿದರೆ ಬಾಡಿ ಮರೆಯಾಗುತ್ತದೆ. ಹಣ ಚೆಲ್ಲಿದರೂ ಚೈತ್ರದಲ್ಲಿ ಸಿಗದ ಭೋಗವಿದು.

ಎಲೆ ಮನೆಗೆ ಬಂದ ಮೇಲೆ ಕೈಗೆಲಸ. 2 ಲೋಟ ಅಕ್ಕಿಗೆ 20ರಷ್ಟು ಎಲೆ. 3-4 ಗಂಟೆ ನೆನೆದ ಅಕ್ಕಿಯನ್ನು ಕಾಯಿತುರಿ, ಒಣಮೆಣಸು, ಕೊತ್ತಂಬರಿ, ಜೀರಿಗೆ, ಅರಿಶಿನ, ಬೆಲ್ಲ, ಹುಳಿ, ಉಪ್ಪುಗಳೊಡನೆ ಗಟ್ಟಿಯಾಗಿ ರುಬ್ಬಬೇಕು. ದಪ್ಪ ನರಗಳನ್ನು ಹೆರೆದ ದೊಡ್ಡ ಎಲೆಯನ್ನು ಬೆನ್ನು ಮೇಲಾಗಿ ಹಾಸಿ, ಹಿಟ್ಟನ್ನು ತೆಳ್ಳಗೆ ಸವರಿ, ಅದರ ಮೇಲೆ ಕಿರಿದಾದ ಎಲೆ, ಮತ್ತೆ ಹಿಟ್ಟು. ಹೀಗೆ 4-5 ಪದರವಾದ ಮೇಲೆ ಅಂಚುಗಳನ್ನು ಒಳಮಡಿಚಿ, ಚಾಪೆಯಂತೆ ಸುರುಳಿ ಸುತ್ತಿ, ಹಬೆಯಲ್ಲಿ ಮುಕ್ಕಾಲು ಗಂಟೆಗೆ ಕಡಿಮೆಯಿಲ್ಲದಂತೆ ಬೇಯಿಸಬೇಕು.

ಇಷ್ಟನ್ನು ಕಾಗದದಲ್ಲಿ ಬರೆದುಕೊಂಡ ಪಟ್ಟಣದ ಸೊಸೆ ಕೇಳುತ್ತಾಳೆ: “ಹುಳಿ ಎಷ್ಟು ಹಾಕಲಿ, ಅತ್ತೆ?”

“ಹಿಟ್ಟನ್ನು ನಾಲಗೆಗೆ ಮುಟ್ಟಿಸಿ ನೋಡು. ಹುಳಿ ಒಂದು ಗೆರೆ ಮುಂದಿರಬೇಕು.”

ಆ ಒಂದು ಗೆರೆಯಲ್ಲಿಯೇ ಮನೆತನದ ಮಾನವಿದೆ. ಕೆಸುವಿನ ಎಲೆಯೊಳಗೆ ಕಣ್ಣಿಗೆ ಕಾಣದ ಸೂಜಿಯಂಥ ಹರಳುಗಳಿರುತ್ತವೆ. ಗಂಟಲು ಕೆರೆಯುವುದು ಅವುಗಳಿಂದಲೇ. ಹುಣಸೆಯೋ ವಾಟೆಹುಳಿಯೋ ಸಾಲದೆ ಹೋದರೆ, ಬೇಯುವ ಮುನ್ನವೇ ಒಲೆಯಿಂದ ಇಳಿಸಿದರೆ, ಅತಿಥಿ ಮಾತನಾಡುವ ಮೊದಲೇ ಅವನ ಕೆಮ್ಮು ತೀರ್ಪು ಹೇಳುತ್ತದೆ. ಎಲೆಯ ಜಾತಿಯೂ ವಯಸ್ಸೂ ಬದಲಾದಂತೆ ಹುಳಿಯ ಲೆಕ್ಕವೂ ಬದಲಾಗುವುದರಿಂದ ಈ ವಿದ್ಯೆ ಕಾಗದದಲ್ಲಿ ನಿಲ್ಲದು. ಒಲೆಯ ಬಳಿ ಇಬ್ಬರು ಹೆಂಗಸರು ಜೊತೆಯಾಗಿ ಕುಳಿತಾಗ ಮಾತ್ರ ಒಂದು ನಾಲಗೆಯಿಂದ ಇನ್ನೊಂದಕ್ಕೆ ದಾಟುತ್ತದೆ.

ವಿದ್ಯೆ ದಾಟಿದರೂ ಮರ ಉಳಿಯಬೇಕಷ್ಟೆ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಊರುಗಳು ನೀರಿನಡಿ ಸೇರಿದವು. ಗಂಟು ಕಟ್ಟಿ ಹೊರಟವರು ಪಾತ್ರೆಪರಡಿಯನ್ನು ಗಾಡಿಗೇರಿಸಬಹುದಿತ್ತು; ಅಜ್ಜನ ಕಾಲದ ಪಾಚಿಮರವನ್ನು ಹೊತ್ತೊಯ್ಯುವ ಗಾಡಿ ಯಾವುದು? ಇಂದಿಗೂ ಮುದಿಮರವೊಂದು ಉರುಳಿದಾಗ ಗಂಡಸರು ನಾಟಾದ ಲೆಕ್ಕ ಹಾಕುತ್ತಾರೆ. ಅದರ ಕವಲಿನಲ್ಲಿದ್ದ ಹಬ್ಬದಡಿಗೆಯ ಲೆಕ್ಕ ಅಡಿಗೆಮನೆಯಲ್ಲಿ ಉಳಿಯುತ್ತದೆ. ಅದಕ್ಕೇ ತಿಳಿದವರು ಎಲೆಯನ್ನಷ್ಟೇ ಚಿವುಟಿ ಗೆಡ್ಡೆಯನ್ನು ಮರಕ್ಕೇ ಬಿಡುತ್ತಾರೆ.

ಬೆಂದ ಸುರುಳಿಯನ್ನು ಆರಿಸಿ ಬಿಲ್ಲೆಗಳಾಗಿ ಕೊಯ್ದರೆ ಹಸಿರೂ ಕೆಂಪೂ ಸುತ್ತುಸುತ್ತಾಗಿ ಕಾಣುತ್ತವೆ. ಕಾವಲಿಯ ಮೇಲೆ ಎಣ್ಣೆ ಬಿಟ್ಟು ಕೆಂಪಗೆ ಕಾಯಿಸಿ, ಬಾಳೆಲೆಗೆ ಬಡಿಸಿ, ಸೊಸೆ ಬಾಗಿಲ ಮರೆಯಲ್ಲಿ ಉಸಿರು ಹಿಡಿದು ನಿಲ್ಲುತ್ತಾಳೆ. ಅಳಿಯಂದಿರು ಒಂದು ತುಂಡು ನುಂಗುತ್ತಾರೆ. ಕೆಮ್ಮಿಲ್ಲ. ಎರಡನೆಯದಕ್ಕೆ ಕೈ ಚಾಚುತ್ತಾರೆ. ಅತ್ತೆ ಏನನ್ನೂ ಹೇಳದೆ ತುಪ್ಪದ ಗಿಂಡಿಯನ್ನು ಸೊಸೆಯ ಕೈಗೆ ಕೊಡುತ್ತಾರೆ.