ಒಂದು ಬಕೆಟ್ ಮಳೆ

ಮೊದಲ ಮಳೆ ಎಂದರೆ ನಿಮಗೆ ಏನು ನೆನಪಾಗುತ್ತದೋ ಗೊತ್ತಿಲ್ಲ, ಮಲೆನಾಡಿನಲ್ಲಿ ಬೆಳೆದ ನನಗಂತೂ ಹತ್ತುಮೀನು. ಜೂನಿನಲ್ಲಿ ಹಳ್ಳ ಕೆಂಪಗೆ ತುಂಬಿ ಗದ್ದೆಗೆ ಉಕ್ಕಿತೆಂದರೆ ಸಾಕು, ಹೊಳೆಯ ಮೀನುಗಳು ನೀರಿಗೆ ಎದುರಾಗಿ ಹತ್ತಿಕೊಂಡು ಬರುತ್ತವೆ, ಮೊಟ್ಟೆಯಿಡಲು. ತುಳುನಾಡಿನವರು ಇದನ್ನೇ ಉಬರ್ ಎನ್ನುತ್ತಾರೆ. ಅಪ್ಪನ ಹಿಂದೆ ಟಾರ್ಚು ಹಿಡಿದು ಹೋದ ಒಂದು ರಾತ್ರಿ, ಪಾದ ಮುಳುಗುವಷ್ಟೂ ಇಲ್ಲದ ನೀರಿನಲ್ಲಿ ಮುರುಗೋಡು ಮೀನೊಂದು ಹೊಟ್ಟೆ ಎಳೆದುಕೊಂಡು, ಮೀಸೆ ಚಾಚಿ ದಾರಿ ಹುಡುಕುತ್ತಾ ಮೇಲಿನ ಗದ್ದೆಗೆ ಹೋಗುವುದನ್ನು ನೋಡಿದೆ. ಅಪ್ಪ ಕತ್ತಿ ಎತ್ತಲಿಲ್ಲ. "ಬಸಿರಿ, ಹೋಗ್ಲಿ ಬಿಡು" ಅಂದರು. ಎಲ್ಲರೂ ಹಾಗೆ ಬಿಡುವುದಿಲ್ಲ ಎನ್ನುವುದು ಬೇರೆ ಮಾತು. ಮೊಟ್ಟೆ ತುಂಬಿದ ಮೀನನ್ನೇ ಕಡಿದು ತಂದರೆ ಮುಂದಿನ ವರ್ಷ ಹಳ್ಳದಲ್ಲಿ ಏನಿರುತ್ತದೆ ಹೇಳಿ?

ಅರೆ, ನಾನು ಹೇಳಹೊರಟಿದ್ದು ಬೆಂಗಳೂರಿನ ನಮ್ಮ ಮನೆಯ ಹಾಲ್‌ನಲ್ಲಿರುವ ಅಕ್ವೇರಿಯಂ ವಿಷಯ. ಎರಡಡಿ ಉದ್ದ, ಸುಮಾರು 60 ಲೀಟರ್ ನೀರು. ಮೇಲ್ಭಾಗದಲ್ಲಿ ಜೀಬ್ರಾ ಮೀನುಗಳ ಓಟ, ನಡುವೆ ನಾಲ್ಕೈದು ಪ್ಲಾಟಿ, ತಳದಲ್ಲಿ ಆರು ಕೋರಿ. ಪೂರ್ತಿ ಹೆಸರು ಕೋರಿಡೋರಾಸ್, ಕ್ಯಾಟ್‌ಫಿಶ್ ಕುಲದ ಪುಟ್ಟ ಮೀನು, ಹೆಬ್ಬೆರಳಿನಷ್ಟು. ಇಂಗ್ಲಿಷರು ಮೀಸೆ ನೋಡಿ ಬೆಕ್ಕು ಎಂದರು. ನಮ್ಮವರು ಇದೇ ಕುಲದ ಇನ್ನೊಂದಕ್ಕೆ ಚೇಳುಮೀನು ಎಂದರು. ಮುಳ್ಳು ಚುಚ್ಚಿಸಿಕೊಂಡವರೇ ಇಟ್ಟ ಹೆಸರು ಅದು! ಕೋರಿಯ ರೆಕ್ಕೆಯಲ್ಲೂ ಅಂಥ ಮುಳ್ಳಿದೆ. ಬಲೆಯಲ್ಲಿ ಹಿಡಿದರೆ ಸಿಕ್ಕಿಕೊಂಡು ಬಿಡಿಸುವುದೇ ಕಷ್ಟ. ಹಾಗಾಗಿ ನಾನು ಲೋಟದಲ್ಲಿ ಎತ್ತುತ್ತೇನೆ.

ನಮ್ಮಲ್ಲಿರುವುದು ಮೈಮೇಲೆ ಮೆಣಸು ಉದುರಿಸಿದಂತೆ ಚುಕ್ಕೆಯಿರುವ ಜಾತಿ. ದಕ್ಷಿಣ ಅಮೆರಿಕದ ಅರ್ಜೆಂಟೀನಾ, ಉರುಗ್ವೆ ಕಡೆಯದು. ಬೀಗಲ್ ಹಡಗಿನಲ್ಲಿ ಹೋದ ಡಾರ್ವಿನ್ ಹಿಡಿದು ತಂದ ಮೀನುಗಳಲ್ಲಿ ಇದೂ ಇತ್ತು. ಅದನ್ನು ಜೆನಿನ್ಸ್ ಎಂಬ ಪ್ರಕೃತಿತಜ್ಞರು 1842ರಲ್ಲಿ ವರ್ಣಿಸಿ ಹೆಸರಿಟ್ಟರು. ತಂಪು ನೀರಿನ ಮೀನಾದ್ದರಿಂದ ಬೆಂಗಳೂರಿನ ಹವೆ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಹೀಟರ್ ಬೇಕಿಲ್ಲ.

ತಂದ ಮೊದಲ ದಿನ ನಮ್ಮ ಮನೆಯಲ್ಲಿ ದೊಡ್ಡ ಗಾಬರಿ. "ರೀ, ಮೀನಿಗೆ ಉಸಿರು ಕಟ್ತಿದೆ, ಬನ್ನಿ ಬೇಗ!" ಎಂದು ನನ್ನವಳು ಕೂಗಿದಳು. ಹೋಗಿ ನೋಡಿದರೆ, ತಳದಲ್ಲಿದ್ದ ಕೋರಿ ಬಾಣದಂತೆ ಮೇಲಕ್ಕೆ ಹಾರಿ, ಒಂದು ಗುಟುಕು ಗಾಳಿ ಕುಡಿದು, ಅಷ್ಟೇ ವೇಗದಲ್ಲಿ ಕೆಳಗಿಳಿಯುತ್ತಿದೆ. ಅದಕ್ಕೆ ಕಿವಿರೂ ಇದೆ, ಕರುಳಿನಿಂದಲೂ ಉಸಿರಾಡುತ್ತದೆ. ನುಂಗಿದ ಗಾಳಿಯ ಆಮ್ಲಜನಕವನ್ನು ಕರುಳಿನ ಹಿಂಭಾಗ ಹೀರಿಕೊಳ್ಳುತ್ತದೆ. ಆಗಾಗ ಹಾರಿದರೆ ಚಿಂತೆಯಿಲ್ಲ. ಎಲ್ಲವೂ ಒಂದೇ ಸಮನೆ ಹಾರತೊಡಗಿದರೆ ಮಾತ್ರ ನೀರು ಕೆಟ್ಟಿದೆ ಎಂದರ್ಥ. ಇನ್ನೊಂದು ಚೆಂದ ಹೇಳಲೇ? ರೆಪ್ಪೆಯಿಲ್ಲದಿದ್ದರೂ ಕೋರಿ ಕಣ್ಣು ಹೊಡೆಯುತ್ತದೆ! ಗುಡ್ಡೆಯನ್ನು ಸರಕ್ಕನೆ ಕೆಳಗೆ ಹೊರಳಿಸುತ್ತದೆ, ಅಷ್ಟೆ.

ಅಂಗಡಿಯಾತ ಕೊಡುವಾಗ ಹೇಳಿದ್ದೇನು ಗೊತ್ತೇ? "ಸಾರ್, ಎರಡು ಹಾಕ್ಕೊಳ್ಳಿ, ಕೆಳಗಿನ ಕಸ ಎಲ್ಲಾ ಕ್ಲೀನ್ ಮಾಡುತ್ತೆ." ಈ ಮಾತನ್ನು ನಂಬಿ ಎಷ್ಟು ಮನೆಗಳಲ್ಲಿ ಎಷ್ಟು ಕೋರಿಗಳು ಹಸಿದು ಸತ್ತಿವೆಯೋ. ಅವು ಜಾಡಮಾಲಿಗಳಲ್ಲ. ಮಲ ತಿನ್ನುವುದಿಲ್ಲ. ಮೇಲಿನ ಮೀನುಗಳು ತಿಂದು ಮಿಕ್ಕ ಎಂಜಲಲ್ಲಿ ಅವುಗಳ ಹೊಟ್ಟೆ ತುಂಬುವುದಿಲ್ಲ. ನೀರಲ್ಲಿ ಮುಳುಗುವ ಗುಳಿಗೆಯನ್ನು ದೀಪ ಆರಿಸಿದ ಮೇಲೆ ಅವುಗಳಿಗೆಂದೇ ಹಾಕಬೇಕು. ಎರಡಲ್ಲ, ಆರಾದರೂ ಇರಬೇಕು, ಗುಂಪಿಲ್ಲದ ಕೋರಿ ಮೂಲೆ ಹಿಡಿಯುತ್ತದೆ. ತಳಕ್ಕೆ ನುಣುಪು ಮರಳೇ ಆಗಬೇಕು. ಚೂಪು ಜಲ್ಲಿಯಲ್ಲಿ ಕೆದಕಿ ಕೆದಕಿ ಮೀಸೆ ಸವೆದುಹೋಗುತ್ತದೆ, ಮೀಸೆ ಹೋದರೆ ಅದಕ್ಕೆ ಊಟ ಹುಡುಕುವ ಕೈಯೇ ಹೋದಂತೆ.

ಕಸದ ಮಾತು ಬಂದದ್ದಕ್ಕೆ ಸಕ್ಕರ್ ಮೀನನ್ನೂ ಹೇಳಿಬಿಡುತ್ತೇನೆ. ಗಾಜಿಗೆ ಬಾಯಿ ಅಂಟಿಸಿಕೊಂಡಿರುತ್ತದಲ್ಲ, ಅದು. ಅಂಗಡಿಯಲ್ಲಿ ಬೆರಳುದ್ದ ಇರುವುದು ಮನೆಯಲ್ಲಿ ಅಡಿಯುದ್ದ ಬೆಳೆಯುತ್ತದೆ. ಆಮೇಲೆ ಜನ ಏನು ಮಾಡುತ್ತಾರೆ? ಪಾಪ ಬರುತ್ತದೆಂದು ಕೊಲ್ಲದೆ ಕೆರೆಗೆ ಬಿಡುತ್ತಾರೆ. ಅದು ಅಲ್ಲಿ ಹೆಚ್ಚಿ ಊರ ಮೀನುಗಳ ಜಾಗ ಕಿತ್ತುಕೊಳ್ಳುತ್ತದೆ. ದೇಶದ ಎಷ್ಟೋ ಕೆರೆ ನದಿಗಳಲ್ಲಿ ಈಗ ಇದೇ ಗೋಳು. ದಯವಿಟ್ಟು ಬಿಡಬೇಡಿ, ಅಂಗಡಿಗೇ ವಾಪಸು ಕೊಡಿ.

ಹತ್ತುಮೀನಿನಲ್ಲಿ ನಿಂತಿತ್ತಲ್ಲ ಮಾತು. ಎರಡು ವರ್ಷ ನಮ್ಮ ಕೋರಿಗಳು ಉಂಡುಕೊಂಡು ಇದ್ದವೇ ಹೊರತು ಮೊಟ್ಟೆಯ ಸುಳಿವಿಲ್ಲ. ಮೇಲಿನಿಂದ ನೋಡಿದರೆ ಹೆಣ್ಣುಗಳು ಕಡುಬಿನಂತೆ ದುಂಡಗಾಗಿದ್ದವು. ಮೂರನೆಯ ವರ್ಷ ಏಪ್ರಿಲ್ ಸೆಕೆಯಲ್ಲಿ ತೊಟ್ಟಿಯ ನೀರು 28 ಡಿಗ್ರಿಗೇರಿತ್ತು. ಒಂದು ಸಂಜೆ ಗುಡುಗು, ಗಾಳಿ, ಆಲಿಕಲ್ಲು ಮಳೆ. ಕ್ಲೋರಿನ್ ಹೋಗಲೆಂದು ಹಿಂದಿನ ದಿನವೇ ಬಾಲ್ಕನಿಯಲ್ಲಿ 20 ಲೀಟರಿನ ಬಕೆಟ್ಟಿನಲ್ಲಿ ತುಂಬಿಟ್ಟಿದ್ದ ಕಾವೇರಿ ನೀರು ತಣ್ಣಗಾಗಿತ್ತು. 100 ಕಿಲೋಮೀಟರ್ ಆಚೆಯ ತೊರೆಕಾಡನಹಳ್ಳಿಯಿಂದ ಬಂದ ನೀರು, ಅದನ್ನು ವ್ಯರ್ಥ ಮಾಡಲುಂಟೇ? ತೊಟ್ಟಿಯ ಮೂರನೇ ಒಂದು ಭಾಗ ಹಳೇ ನೀರು ತೆಗೆದು ಗಿಡಕ್ಕೆ ಹಾಕಿ, ಈ ತಣ್ಣೀರನ್ನು ಮೆಲ್ಲಗೆ ಸುರಿದೆ.

ಬೆಳಿಗ್ಗೆ ಎದ್ದು ಬಂದರೆ ತೊಟ್ಟಿಯಲ್ಲಿ ಜಾತ್ರೆ! ಆ ತಣ್ಣೀರನ್ನೇ ಮೊದಲ ಮಳೆ ಎಂದುಕೊಂಡಿರಬೇಕು. ಗಂಡುಗಳು ಹೆಣ್ಣಿನ ಬೆನ್ನು ಹತ್ತಿವೆ. ಒಂದು ಗಂಡು ಅಡ್ಡ ಮಲಗಿ ಹೆಣ್ಣಿನ ಮೀಸೆಯನ್ನು ರೆಕ್ಕೆಯಲ್ಲಿ ಅಮುಕಿ ಹಿಡಿಯಿತು, ಎರಡೂ ಸೇರಿ ಇಂಗ್ಲಿಷಿನ ಟಿ ಅಕ್ಷರದಂತೆ ಕ್ಷಣಕಾಲ ಸ್ತಬ್ಧ. ಇದರ ದಾಯಾದಿಯಾದ ಕಂಚುಬಣ್ಣದ ಕೋರಿಯಲ್ಲಿ, ಹೆಣ್ಣು ಗಂಡಿನ ವೀರ್ಯವನ್ನು ಕುಡಿಯುತ್ತದೆ, ಅದು ಕರುಳಿನಲ್ಲಿ ಸಾಗಿ ಹೊರಬಂದು ಮೊಟ್ಟೆಗಳನ್ನು ಫಲಿತಗೊಳಿಸುತ್ತದೆ ಎಂದು ಜಪಾನಿನ ಸಂಶೋಧಕರು 1995ರಲ್ಲಿ ತೋರಿಸಿದರು. ಉಸಿರಾಡುವ ಕರುಳೇ ಅದಕ್ಕೂ ದಾರಿ! ಆಮೇಲೆ ಹೆಣ್ಣು ಹೊಟ್ಟೆಯಡಿಯ ರೆಕ್ಕೆಗಳನ್ನು ಬೊಗಸೆ ಮಾಡಿ ಎರಡು ಮೂರು ಮೊಟ್ಟೆ ಹಿಡಿದು, ಗಾಜನ್ನು ಬಾಯಿಂದ ಒರೆಸಿ, ಅಂಟಿಸಿತು. ಮತ್ತೆ ಬಂತು, ಮತ್ತೆ ಅಂಟಿಸಿತು. ಅಂದು ನಾನು ಆಫೀಸಿಗೆ ಹೋಗಲಿಲ್ಲ.

ಸಾಬಕ್ಕಿಯಂಥ ಆ ಮೊಟ್ಟೆಗಳನ್ನು ಅಲ್ಲೇ ಬಿಟ್ಟರೆ ಉಳಿಯುವುದಿಲ್ಲ. ಜೀಬ್ರಾ ಬಿಟ್ಟರೆ ಪ್ಲಾಟಿ, ಅದೂ ಬಿಟ್ಟರೆ ಹೆತ್ತವರೇ ತಿನ್ನುತ್ತಾರೆ. ಸಂಜೆ ಬೆರಳಿನಿಂದ ಮೆಲ್ಲಗೆ ಉರುಳಿಸಿ ಬಿಡಿಸಿ, ಅದೇ ನೀರು ತುಂಬಿದ ಡಬ್ಬಿಗೆ ಹಾಕಿ, ಗಾಳಿಯ ನಳಿಗೆ ಬಿಟ್ಟೆ. ಬೂಸು ಹಿಡಿಯದಿರಲಿ ಎಂದು ಒಣಗಿದ ಕಾಡುಬಾದಾಮಿ ಎಲೆ ಒಂದನ್ನು ಹಾಕಿದೆ. ನಮ್ಮ ಬೀದಿಯಲ್ಲಿ ಪೌರಕಾರ್ಮಿಕರು ರಾಶಿ ಗುಡಿಸುವ ಅದೇ ಎಲೆಯನ್ನು ಪರದೇಶದ ಮೀನುಪ್ರಿಯರು ದುಡ್ಡು ಕೊಟ್ಟು ತರಿಸಿಕೊಳ್ಳುತ್ತಾರೆ. ಬೆಳ್ಳಗಾದ ಮೊಟ್ಟೆಗಳನ್ನು ದಿನವೂ ಆರಿಸಿ ತೆಗೆದೆ. ನಾಲ್ಕನೆಯ ದಿನ ರೆಪ್ಪೆಕೂದಲಿನಂಥ ಮರಿಗಳು ಹೊರಬಂದವು. ಎರಡು ಮೂರು ದಿನ ಅವಕ್ಕೆ ಹೊಟ್ಟೆಯಲ್ಲಿರುವ ಭಂಡಾರವೇ ಊಟ. ಆಮೇಲೆ ಉಪ್ಪುನೀರಿನಲ್ಲಿ ಆರ್ಟೀಮಿಯಾ ಎಂಬ ಪುಟ್ಟ ಸಿಗಡಿಯ ಮೊಟ್ಟೆ ಒಡೆಸಿ, ಆ ಕಿತ್ತಳೆ ಬಣ್ಣದ ಹುಡಿಯಂಥ ಮರಿಗಳನ್ನು ತೊಳೆದು ಹಾಕಬೇಕು, ದಿನಕ್ಕೆ ಎರಡು ಸಲ, ತಪ್ಪದೆ. ನೀರನ್ನೂ ದಿನಾ ಸ್ವಲ್ಪ ಬದಲಿಸಬೇಕು. ಬಾಣಂತನವೇ ಸರಿ.

ಈ ವರ್ಷದ ಮರಿಗಳಲ್ಲಿ 19 ಉಳಿದು ಬೆರಳುಗುರಿನಷ್ಟಾಗಿವೆ. ಸಾಕುವ ಮನಸ್ಸಿದ್ದರೆ ಮನೆಗೆ ಬನ್ನಿ, ಕಾಫಿ ಕುಡಿದು ಒಯ್ಯಿರಿ. ತೊಟ್ಟಿಯಲ್ಲಿ ಮರಳಿರಲಿ, ಆರಕ್ಕಿಂತ ಕಡಿಮೆ ಕೊಡುವುದಿಲ್ಲ.