ಕಲಿಸುವ ಕೈ ಕಲಿಯುವುದೆಲ್ಲಿ?

ಶಿವಮೊಗ್ಗದಿಂದ ಸಾಗರ ರಸ್ತೆ ಹಿಡಿದವರಿಗೆ ಜೋಗದ ನೆನಪಾಗುವುದು ಸಹಜ. ಊರು ದಾಟುವ ಮುನ್ನವೇ ಸಿಗುವ ಆಟೋ ಕಾಂಪ್ಲೆಕ್ಸಿನತ್ತ ಕಣ್ಣು ಹಾಯಿಸುವವರು ಮಾತ್ರ ಕಡಿಮೆ. ಗ್ಯಾರೇಜು, ಲೇತ್ ಅಂಗಡಿ, ವೆಲ್ಡಿಂಗ್ ಶಾಪು, ಬಿಡಿಭಾಗಗಳ ಮಳಿಗೆ ಎಲ್ಲವೂ ಒತ್ತೊತ್ತಾಗಿ ಕೂತಿರುವ ಜಾಗವದು. ಎಸ್ಸೆಸ್ಸೆಲ್ಸಿ ಮುಗಿಸಿ ಐಟಿಐ ಸೇರಬೇಕೆಂದಿರುವ ಮಕ್ಕಳು ಮತ್ತು ಅವರ ತಂದೆತಾಯಿ ಜೋಗಕ್ಕಿಂತ ಮೊದಲು ನೋಡಬೇಕಾದ ತಾಣ ಇದು ಎಂದರೂ ತಪ್ಪಿಲ್ಲ.

ಅದಕ್ಕೆ ಕಾರಣವಿದೆ. ಬಹುಕಾಲ ನಮ್ಮ ಬೈಕು, ಸ್ಕೂಟರುಗಳ ಜೀವಾಳವಾಗಿದ್ದುದು ಕಾರ್ಬುರೇಟರ್. ಗಾಳಿ ಕಿರಿದಾದ ಕೊಳವೆಯಲ್ಲಿ ವೇಗವಾಗಿ ನುಗ್ಗಿದಾಗ ಅಲ್ಲಿ ಒತ್ತಡ ಕುಸಿಯುತ್ತದೆ. ಪೆಟ್ರೋಲು ತಾನಾಗಿ ಮೇಲೆದ್ದು ಗಾಳಿಯೊಡನೆ ಬೆರೆಯುತ್ತದೆ. ಪಿಯುಸಿ ಪುಸ್ತಕದ ಬರ್ನೌಲಿ ತತ್ತ್ವವೇ ಇದು. ಒಂದು ಸ್ಕ್ರೂಡ್ರೈವರ್, ಒಂದು ಚುರುಕು ಕಿವಿ ಇದ್ದರೆ ಟ್ಯೂನಿಂಗ್ ಮುಗಿಯುತ್ತಿತ್ತು. 2020ರ ಏಪ್ರಿಲ್ 1ರಿಂದ ಬಿಎಸ್-6 ಮಾನದಂಡ ಜಾರಿಗೆ ಬಂತು. ಹೊಸ ಬೈಕುಗಳಲ್ಲಿ ಕಾರ್ಬುರೇಟರಿನ ಜಾಗಕ್ಕೆ ಇಂಜೆಕ್ಟರ್ ಬಂದು ಕೂತಿತು. ಎಷ್ಟು ಪೆಟ್ರೋಲು, ಯಾವ ಕ್ಷಣಕ್ಕೆ ಎಂಬುದನ್ನು ಸೆನ್ಸರುಗಳ ಮಾತು ಕೇಳಿ ಒಂದು ಪುಟ್ಟ ಕಂಪ್ಯೂಟರ್ ತೀರ್ಮಾನಿಸುತ್ತದೆ. ದೋಷ ಪತ್ತೆಗೆ ಕಿವಿಯ ಜತೆ ಸ್ಕ್ಯಾನರೂ ಬೇಕು.

ಇಲ್ಲೇ ಪ್ರಶ್ನೆ ಏಳುವುದು. ಇಪ್ಪತ್ತು ವರ್ಷದ ಹಿಂದೆ ಅರ್ಹತೆ ಪಡೆದ ಮೇಷ್ಟ್ರು ಈ ಹೊಸ ಎಂಜಿನ್ ಕಲಿಸುವುದು ಹೇಗೆ? ಅವರ ಪ್ರಮಾಣಪತ್ರಕ್ಕೆ ಮುಪ್ಪಿಲ್ಲ. ಪಾಠಕ್ಕೆ ಮುಪ್ಪು ಬಂದಿದೆ.

ಸರ್ಕಾರಿ ಐಟಿಐಗಳಲ್ಲಿ ಕಲಿಸುವವರನ್ನು ನಮ್ಮ ರಾಜ್ಯದಲ್ಲಿ ಕಿರಿಯ ತರಬೇತಿ ಅಧಿಕಾರಿ ಎನ್ನುತ್ತಾರೆ. ಕಸುಬು ಬಲ್ಲವರಿಗೆ ಕಲಿಸುವ ಬಗೆಯನ್ನು ಹೇಳಿಕೊಡಲು ಒಂದು ವರ್ಷದ ಬೋಧಕರ ತರಬೇತಿ ಇದೆ. ಬೆಂಗಳೂರಿನ ತುಮಕೂರು ರಸ್ತೆಯಲ್ಲಿ 1971ರಲ್ಲಿ ಜರ್ಮನಿಯ ನೆರವಿನಿಂದ ಹುಟ್ಟಿದ ಫೋರ್‌ಮನ್ ತರಬೇತಿ ಸಂಸ್ಥೆ ಈಗ ರಾಷ್ಟ್ರೀಯ ಕೌಶಲ ತರಬೇತಿ ಸಂಸ್ಥೆಯಾಗಿದೆ. ಹಳೆಯ ಬೋಧಕರು ಹೊಸದನ್ನು ಕಲಿಯಲೆಂದು ಕೆಲವು ದಿನಗಳ ಪುನರ್ಮನನ ತರಬೇತಿಗಳೂ ಇವೆ. ಅಲ್ಲಿ ಹೊಸದೇನೆಂದು ತಿಳಿಯುತ್ತದೆ, ನಿಜ. ಆದರೆ ತಿಳಿದದ್ದು ಕೈಗೆ ಇಳಿಯಬೇಕಾದರೆ ಕೆಲಸ ನಡೆಯುವ ಜಾಗಕ್ಕೇ ಹೋಗಬೇಕು.

ಅಂಥ ಜಾಗ ನೋಡಲು ಸಾಗರ ರಸ್ತೆಯಿಂದ ಹಿಂದಿರುಗಿ ಭದ್ರಾವತಿಯತ್ತ ಹೋಗುವ ಬಿ.ಎಚ್. ರಸ್ತೆ ಹಿಡಿಯಬೇಕು. ದಾರಿಯಲ್ಲಿ ಸಿಗುವುದು ಮಾಚೇನಹಳ್ಳಿ. ಶಿಮುಲ್ ಡೈರಿಯಿಂದ ಹೆಸರಾದ ಈ ಊರಿನಲ್ಲಿ ಕೈಗಾರಿಕಾ ಪ್ರದೇಶವೂ ಇದೆ. ಶಿವಮೊಗ್ಗ, ಮಾಚೇನಹಳ್ಳಿಯ ಫೌಂಡ್ರಿಗಳು ಎರಕದ ಕೆಲಸಕ್ಕೆ ಹೆಸರಾದವು.

ಎರಕದ ಒಂದು ಗುಟ್ಟು ನೋಡಿ. ಸಾಮಾನ್ಯ ಬೀಡುಕಬ್ಬಿಣದೊಳಗೆ ಇಂಗಾಲವು ಚಪ್ಪಟೆ ಗ್ರ್ಯಾಫೈಟ್ ಪದರಗಳಾಗಿ ಕೂತಿರುತ್ತದೆ. ಪೆಟ್ಟು ಬಿದ್ದರೆ ಲೋಹ ಅಲ್ಲೇ ಬಿರಿಯುತ್ತದೆ. ಕರಗಿದ ಕಬ್ಬಿಣಕ್ಕೆ ಒಂದಿಷ್ಟು ಮೆಗ್ನೀಸಿಯಂ ಸೇರಿಸಿದರೆ ಅದೇ ಗ್ರ್ಯಾಫೈಟ್ ಗುಂಡುಗುಂಡಗೆ ರೂಪುಗೊಳ್ಳುತ್ತದೆ. ಲೋಹ ಎಳೆತ, ಪೆಟ್ಟು ತಾಳುತ್ತದೆ. ಇಷ್ಟನ್ನು ಬೋರ್ಡಿನ ಮೇಲೆ ಬರೆದು ಹೇಳಬಹುದು. ಆದರೆ ಮೆಗ್ನೀಸಿಯಂನ ಪ್ರಭಾವ ನಿಮಿಷಗಳು ಕಳೆದಂತೆ ಇಳಿಯುತ್ತಾ ಹೋಗುತ್ತದೆ. ಅಷ್ಟರೊಳಗೆ ಲೋಹ ಅಚ್ಚಿಗೆ ಇಳಿಯಬೇಕು. ಆ ಅವಸರ ಎಂಥದ್ದು, ತಡವಾದರೆ ಏನು ಕೆಡುತ್ತದೆ ಎಂಬುದು ಕುಲುಮೆಯ ಮುಂದೆ ನಿಂತ ಮೇಷ್ಟ್ರಿಗೆ ಮಾತ್ರ ಗೊತ್ತು. ಅವರ ಪಾಠದ ದನಿಯೇ ಬೇರೆ.

ಮತ್ತೆ ಬಸ್ಸು ಹತ್ತಿದರೆ ಭದ್ರಾವತಿ, ಹಿಂದಿನ ಬೆಂಕಿಪುರ. 1923ರ ಜನವರಿಯಲ್ಲಿ ಇಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಸೌದೆಯ ಇದ್ದಿಲು, ಭದ್ರೆಯ ನೀರು. ಮುಂದೆ ಜೋಗದ ವಿದ್ಯುತ್ತು ಬಂತು, ವಿದ್ಯುತ್ ಕುಲುಮೆ ಬಂತು, ವಿಶೇಷ ಉಕ್ಕು ಬಂತು. ಕಾರ್ಖಾನೆ ಬದಲಾದಾಗಲೆಲ್ಲ ಅಲ್ಲಿನ ಕೆಲಸಗಾರ ಹೊಸದನ್ನು ಕಲಿತ. ಅಪ್ರೆಂಟಿಸಾಗಿ ಬಂದ ಹುಡುಗನಿಗೆ ಅದನ್ನೇ ಕಲಿಸಿದ.

ಕಾರ್ಖಾನೆಯನ್ನು ಕಟ್ಟಿ ನಿಲ್ಲಿಸಿದ ಸರ್ ಎಂ. ವಿಶ್ವೇಶ್ವರಯ್ಯನವರಿಗೆ ಈ ನಂಟು ಚೆನ್ನಾಗಿ ತಿಳಿದಿತ್ತು. ಭದ್ರಾವತಿಯ ಸೇವೆಗಾಗಿ ತಮಗೆ ಸಲ್ಲಬೇಕಾಗಿದ್ದ ಹಣವನ್ನು ಅವರು ಕೈಗೆ ತೆಗೆದುಕೊಳ್ಳಲಿಲ್ಲ. ಹುಡುಗರಿಗೆ ಕಸುಬು ಕಲಿಸುವ ಸಂಸ್ಥೆಗೆ ಬಳಸಿ ಎಂದರು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಔದ್ಯೋಗಿಕ ಶಾಲೆ, ಇಂದಿನ ಎಸ್.ಜೆ. ಪಾಲಿಟೆಕ್ನಿಕ್, ಹುಟ್ಟಿದ್ದು ಹಾಗೆ. ತಮ್ಮ ಹೆಸರಿಡಲೂ ಅವರು ಒಪ್ಪಲಿಲ್ಲ.

ಆ ಭದ್ರಾವತಿ ಇಂದು ಸೊರಗಿದೆ. 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆ 2015ರ ಸುಮಾರಿಗೆ ಉತ್ಪಾದನೆ ನಿಲ್ಲಿಸಿತು. ಉಕ್ಕಿನ ಕಾರ್ಖಾನೆ ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿತ್ತು. ಕಾರ್ಮಿಕರ ಹೋರಾಟದ ನಡುವೆ ಅದೇ ವರ್ಷ ಆಗಸ್ಟಿನಲ್ಲಿ ಬಾರ್ ಮಿಲ್ ಮತ್ತೆ ತಿರುಗಿತು. ಕಾರ್ಖಾನೆ ಸೊರಗಿದರೆ ಕೆಲಸ ಹೋಗುತ್ತದೆ ಎಂಬುದು ಎಲ್ಲರಿಗೂ ಕಾಣುತ್ತದೆ. ಸುತ್ತಲಿನ ತರಬೇತುದಾರರು ಕಲಿಯುವ ಶಾಲೆಯೊಂದು ಬಾಗಿಲು ಹಾಕಿಕೊಳ್ಳುತ್ತದೆ ಎಂಬುದು ಅಷ್ಟಾಗಿ ಕಾಣುವುದಿಲ್ಲ.

ಹಾಗೆಂದು ದಾರಿಗಳು ಇಲ್ಲದಿಲ್ಲ. ಟಾಟಾ ಟೆಕ್ನಾಲಜೀಸ್ ಜತೆಗೂಡಿ ಮೇಲ್ದರ್ಜೆಗೇರಿಸಿದ ರಾಜ್ಯದ 150 ಐಟಿಐಗಳು 2022ರ ಜೂನ್‌ನಲ್ಲಿ ಲೋಕಾರ್ಪಣೆಯಾದವು. ಸಿಎನ್‌ಸಿ, ರೋಬೋಟ್, ವಿದ್ಯುತ್ ವಾಹನಗಳ ಪಾಠ ಅಲ್ಲಿಗೆ ಬಂದಿದೆ. ಕಲಿಕೆಯ ಒಂದು ಭಾಗ ಕಾರ್ಖಾನೆಯಲ್ಲೇ ನಡೆಯುವ ಡ್ಯುಯಲ್ ಪದ್ಧತಿಯೂ ಇದೆ. ವಿದ್ಯಾರ್ಥಿಯ ಹಿಂದೆ ಮೇಷ್ಟ್ರೂ ಕಾರ್ಖಾನೆಗೆ ಹೋದರೆ ಇಬ್ಬರಿಗೂ ಲಾಭ. ಯಂತ್ರವನ್ನು ಲಾರಿಯಲ್ಲಿ ತಂದು ಇಳಿಸಬಹುದು. ಅದನ್ನು ನಡೆಸಿದ ಅನುಭವವನ್ನು ಹಾಗೆ ತರಲಾಗದು. ಹಳೆಯ ವಿದ್ಯಾರ್ಥಿಗಳನ್ನು ಕರೆಸಿ ಈಗ ನಿಮ್ಮಲ್ಲಿ ಯಾವ ಯಂತ್ರವಿದೆ ಎಂದು ಸಂಕೋಚವಿಲ್ಲದೆ ಕೇಳುವ ಮೇಷ್ಟ್ರು, ರಜೆಯಲ್ಲಿ ನಾಲ್ಕು ದಿನ ಗ್ಯಾರೇಜಿನಲ್ಲಿ ಕೂರುವ ಮೇಷ್ಟ್ರು ಯಾವ ಕಾಲಕ್ಕೂ ಹಿಂದೆ ಬೀಳುವುದಿಲ್ಲ.

ಮಗನನ್ನೋ ಮಗಳನ್ನೋ ಐಟಿಐಗೆ ಸೇರಿಸಲು ಹೋದ ತಂದೆತಾಯಿ ಶುಲ್ಕ ಕೇಳುತ್ತಾರೆ, ಹಾಸ್ಟೆಲ್ ಕೇಳುತ್ತಾರೆ, ಕೆಲಸ ಸಿಗುತ್ತದೆಯೇ ಎಂದು ಕೇಳುತ್ತಾರೆ. ಜತೆಗೆ ಇನ್ನೊಂದು ಪ್ರಶ್ನೆ ಕೇಳಬೇಕು: ಇಲ್ಲಿ ಕಲಿಸುವವರು ಕೊನೆಯ ಸಲ ಕಾರ್ಖಾನೆಯೊಳಗೆ ಕೆಲಸ ಕಲಿತದ್ದು ಯಾವಾಗ? ಉತ್ತರ ಕೂಡಲೇ ಬಂದರೆ ಆ ಸಂಸ್ಥೆಯಲ್ಲಿ ಮಗುವನ್ನು ಧೈರ್ಯವಾಗಿ ಬಿಟ್ಟು ಬರಬಹುದು.