ಅಡಗಿಮನಿ ರಿಪೇರಿ ಮತ್ತು ನನ್ನ ಲೆಕ್ಕದ ವಹಿ

ದೀಪಾವಳಿಗೆ ಬಂದವರೆಲ್ಲಾ ನಮ್ಮ ಹೊಸಾ ಅಡಗಿಮನಿ ನೋಡಿ "ಎಷ್ಟ ಖರ್ಚ ಬಂತರೀ?" ಅಂತ ಕೇಳಿದ್ರಿ. ಒಬ್ಬೊಬ್ಬರಿಗೆ ಹೇಳೂದಕಿಂತ ಇಲ್ಲೇ ಬರದುಬಿಡ್ತೀನಿ. ನೀವೂ ಮಾಡಸೂದಿದ್ರ ಉಪಯೋಗ ಆದೀತು.

ನಮ್ಮದು ಧಾರವಾಡದಾಗ ನಲವತ್ತು ವರ್ಷದ ಹಳೇ ಮನಿ. ಅಡಗಿಮನ್ಯಾಗ ಶಹಾಬಾದ ಫರಸಿ, ಕಡಪಾ ಕಲ್ಲಿನ ಕಟ್ಟಿ, ಬಾಗಲಾ ಇಲ್ಲದ ಮಾಡಗಳು. ಮಾಡ್ಯುಲರ್ ಕಿಚನ್ ಆಗಬೇಕು ಅಂತ ನನಗ ಭಾಳ ದಿನದ ಆಸೆ. ಅದರ ಜೋಡಿ ಅತ್ತಿಯವರ ಸಂಡಾಸಕ್ಕ ಕಮೋಡ್ ಹಾಕಸೂದಿತ್ತು. ಅವರಿಗೆ 81 ವರ್ಷ, ಮೊಣಕಾಲು ಹಿಡದಾವ.

ಕೈಯಾಗಿದ್ದ ರೊಕ್ಕ ಇಷ್ಟು: ಎಫ್‌ಡಿ ಮುರದದ್ದು 2,00,000, ನನ್ನ ಭಿಶಿದು 60,000, ಡಬ್ಬಿಯೊಳಗ ಕೂಡಿಸಿಟ್ಟದ್ದು 20,000. ಒಟ್ಟು 2,80,000. ಕಾಂಟ್ರಾಕ್ಟರ್ ಕೊಟ್ಟ ಅಂದಾಜು 3,65,000! ಅಡಗಿಮನಿಗೆ 3,10,000, ಸಂಡಾಸ-ಬಚ್ಚಲಕ್ಕ 55,000. ನಮ್ಮನಿಯವರು ಚಾಳೀಸ ತಗದು, "ಇದು ನಮ್ಮ ಕೈಲೆ ಆಗೂದಲ್ಲ" ಅಂದ್ರು.

ನಾನೇ ಪೆನ್ನು ಹಿಡದು ಕುಂತೆ. ಸಂಡಾಸ ಮುಂದಿನ ವರ್ಷ ಮಾಡಿದ್ರಾತು ಅಂತ 55,000ದ ಸಾಲು ಹೊಡದು ಹಾಕಿದೆ. ಇನ್ನ ಕಮ್ಮಿ ಬೀಳೂದು 30,000. ಪಾಟ್ಲಿ ಒತ್ತಿ ಇಟ್ರ ಮುಗೀತು. ಅತ್ತಿಯವರನ್ನ ಕೇಳಿದೆ. "ಆಗಲಿ ಬಿಡ, ನಂದೇನದ" ಅಂದ್ರು. ನನಗ ಖರೇನ ಹಗರಾತು.

ಅವತ್ತ ರಾತ್ರಿ ಅವರ ಹಾಸಿಗಿ ಹತ್ರ ನೀರಿನ ತಂಬಿಗಿ ಇಡಲಿಕ್ಕೆ ಹೋದೆ. ಮುಂಜಾನೆ ಇಟ್ಟ ತಂಬಿಗಿ ತುಂಬಿದ್ದು ತುಂಬಿದ್ಹಂಗ ಇತ್ತು. "ಯಾಕ ಅತ್ತೀ, ನೀರ ಕುಡದಿಲ್ಲಲ್ಲ?" ಅಂದೆ. ಮೊದಲು ಮಾತಾಡಲಿಲ್ಲ. ಆಮ್ಯಾಲೆ ಸಣ್ಣ ಧ್ವನಿಲೆ ಹೇಳಿದ್ರು: "ಕುಡದ್ರ ಹೋಗಬೇಕಾಗ್ತದಲ್ಲ. ಅಲ್ಲೆ ಕುಂತ್ರ ಏಳಲಿಕ್ಕೆ ಬರೂದಿಲ್ಲ. ನಿನ್ನ ಎಷ್ಟ ಸಲ ಎಬ್ಬಸಲಿ?"

ಮಜ್ಜಿಗಿ ಬ್ಯಾಡ, ಸಾರು ಸ್ವಲ್ಪ ಸಾಕು ಅಂತ ಅವರು ಯಾಕ ಅಂತಿದ್ರು ಅನ್ನೂದು ನನಗ ಆವಾಗ ತಿಳೀತು. ಬಾಯಿ ರುಚಿ ಹೋಗೇದ ಅಂತ ತಿಳಕೊಂಡಿದ್ದೆ ನಾನು. ಅವತ್ತ ನಿದ್ದಿ ಬರಲಿಲ್ಲ. ನಾ ಹೊಡದು ಹಾಕಿದ್ದ ಸಾಲು ಕಣ್ಣಿಗೆ ಕಾಣ್ತಿತ್ತು.

ಮರುದಿನ ಹೊಸಾ ಹಾಳಿ ತಗದೆ. ಮೊದಲನೇ ಸಾಲು: ಸಂಡಾಸ, ಕಮೋಡ್, ಹಿಡಕೊಳ್ಳಲಿಕ್ಕೆ ಗ್ವಾಡಿಗೆ ಸ್ಟೀಲ್ ರಾಡು, ಜಾರದಂಥಾ ಟೈಲ್ಸು, 55,000. ಎರಡನೇ ಸಾಲು: ಕೈಕಾಯ್ದಿಡೂದು, 25,000. ಉಳದದ್ದು 2,00,000. ಇದರಾಗ ಅಡಗಿಮನಿ. ಅಂದಾಜಿನ್ಯಾಗ ಮಾಡ್ಯುಲರ್ ಕಪಾಟಗಳಿಗೇ 1,40,000 ಇತ್ತು, ಅದನ್ನ ತಗದೆ. ಹಳೇ ಕಡಪಾ ಮಾಡ ಹಂಗ ಇಟ್ಟು, ಬಡಿಗ್ಯಾರ ಕಡೆ ಪ್ಲೈವುಡ್ ಬಾಗಲಾ ಹಚ್ಚಿಸಿದೆ, 28,000. ಒಟ್ಟು ಅಡಗಿಮನಿ 1,98,000. ಪಾಟ್ಲಿ ಕೈಯಾಗೇ ಉಳದವು.

ಕೈಕಾಯ್ದಿಟ್ಟದ್ದು ಯಾಕಂತೀರಿ? ಗೌಂಡಿ ಸಿಂಕಿನ ಹಿಂದಿನ ಗ್ವಾಡಿ ಒಡದ ಕೂಡಲೇ ಒಳಗಿನ ಹಳೇ ಕಬ್ಬಿಣದ ಪೈಪು ಜಂಗ್ ತಿಂದು ಪುಡಿ ಆಗಿತ್ತು. ಹೊಸಾ ಪೈಪಿಗೆ 17,500 ಹೋತು. ಹಳೇ ಮನ್ಯಾಗ ಗ್ವಾಡಿ ಒಡಿಯೂತನಕ ಖರ್ಚು ಕಾಣೂದಿಲ್ರೀ.

ಟೈಲ್ಸಿನ ಲೆಕ್ಕನೂ ಹೇಳ್ತೀನಿ. ನೆಲ 10 ಫೂಟು ಅಗಲ, 12 ಫೂಟು ಉದ್ದ, ಅಂದ್ರ 120 ಚದರ ಫೂಟು. ಎರಡು ಫೂಟಿನ ಟೈಲ್ಸು 30 ಬೇಕು. ಕತ್ತರಿಸೂದು, ಒಡಿಯೂದು ಅಂತ ಹತ್ತಕ್ಕ ಒಂದು ಹೆಚ್ಚಿಗಿ ಹಿಡದ್ರ 33. ಪೆಟ್ಟಿಗ್ಯಾಗ ನಾಕು ಬರ್ತಾವ, ಒಂಬತ್ತು ಪೆಟ್ಟಿಗಿ ತಂದ್ವಿ. ಉಳದದ್ದನ್ನ ಅಟ್ಟದ ಮ್ಯಾಲೆ ಇಟ್ಟೀನಿ. ಮುಂದ ಒಂದು ಒಡದ್ರ ಅದೇ ಬಣ್ಣದ್ದು ಸಿಗೂದಿಲ್ಲ. ಮತ್ತ ಕೆಲಸದವರಿಗೆ ಎಲ್ಲಾ ರೊಕ್ಕ ಮೊದಲೇ ಕೊಡಬ್ಯಾಡ್ರಿ. ಕೆಲಸ ಆದಷ್ಟಕ್ಕ ಕೊಡ್ರಿ. ಕಡೀ ಕಂತು ಮಾತ್ರ ನಳದಾಗ ನೀರು ಬಂದು, ಎಲ್ಲೂ ಸೋರೂದಿಲ್ಲ ಅಂತ ನೋಡಿದ ಮ್ಯಾಲೇ ಕೊಡ್ರಿ.

ನನ್ನ ಅಡಗಿಮನಿ ಫೋಟೋದಾಗಿನ್ಹಂಗ ಆಗಿಲ್ಲ ಬಿಡ್ರಿ. ಒಂದು ಬಾಗಲಾ ಈಗೇ ಕಿರಗುಟ್ಟತದ. ಡಬ್ಬಿಯೊಳಗ 7,500 ಮತ್ತು ಮ್ಯಾಲಿನ ಎರಡು ಸಾವಿರ ಉಳದದ. ಆದ್ರ ಈಗ ದಿನಾ ಮುಂಜಾನೆ ಅತ್ತಿಯವರ ತಂಬಿಗಿ ಖಾಲಿ ಇರ್ತದ. ನಿನ್ನೆ ಮಜ್ಜಿಗಿ ಎರಡನೇ ಸಲ ಕೇಳಿ ಹಾಕಿಸಿಕೊಂಡ್ರು.

ನಿಮ್ಮ ಮನಿ ಲೆಕ್ಕ ಬರಿಯೂ ಮುಂದ, ಮನ್ಯಾಗ ಯಾರು ಏನೂ ಬ್ಯಾಡ ಅಂತಾರೋ ಅವರನ್ನ ಮೊದಲು ಕೇಳ್ರಿ. ಒಂದು ಸಲ ಅಲ್ಲ, ಎರಡು ಸಲ ಕೇಳ್ರಿ.